ಸೈನ್ ನಿಯಮ: ಮೂರು ಕೋನ ಕೂಡಿದರೆ 143.74 ಬರ್ತಿದೆ, ಉಳಿದ 36 ಡಿಗ್ರಿ ಎಲ್ಲಿ ಹೋಯ್ತು?

ಪ್ರಶ್ನೆ: ಸಂಜೆಪಾಠ

ನಮಸ್ಕಾರ. ಓದು ಬಿಟ್ಟು ಹದಿನೈದು ವರ್ಷ ಆದಮೇಲೆ ಮತ್ತೆ ತ್ರಿಕೋನಮಿತಿ ಹಿಡಿದಿದ್ದೇನೆ. ಕೆಲಸ ಮುಗಿಸಿ ಬಂದು ದಿನಾ ರಾತ್ರಿ ಒಂದು ಗಂಟೆ ಕೂರುತ್ತೇನೆ. ಲಂಬಕೋನ ತ್ರಿಭುಜದ ಲೆಕ್ಕಗಳು ಈಗ ಸಲೀಸಾಗಿ ಬರುತ್ತಿವೆ. ಲಂಬಕೋನ ಇಲ್ಲದ ತ್ರಿಭುಜಕ್ಕೆ ಬಂದು ಸಿಕ್ಕಿಹಾಕಿಕೊಂಡಿದ್ದೇನೆ.

ತ್ರಿಭುಜ ಎಬಿಸಿ. ಎಬಿ = 9, ಎಸಿ = 5, ಕೋನ ಎ = 40°. ಕೊಸೈನ್ ನಿಯಮ ಹಾಕಿ ಬಿಸಿ = 6.087 ಅಂತ ತೆಗೆದೆ. ಆಮೇಲೆ ಸೈನ್ ನಿಯಮ (ಬಾಹುವನ್ನು ಎದುರಿನ ಕೋನದ ಸೈನ್‌ನಿಂದ ಭಾಗಿಸಿದರೆ ಮೂರಕ್ಕೂ ಒಂದೇ ಬೆಲೆ). ಸೈನ್ ಸಿ = 0.9503 ಬಂತು, ಕೋನ ಸಿ = 71.87°. ಸೈನ್ ಬಿ = 0.5280, ಕೋನ ಬಿ = 31.87°. ಖುಷಿಯಿಂದ ಕೂಡಿ ನೋಡಿದರೆ 40 + 71.87 + 31.87 = 143.74. ಮೂರು ಸಲ ಮಾಡಿದೆ, ಮೂರು ಸಲವೂ ಅಷ್ಟೇ. ಇನ್ನೊಂದು ಗಮನಿಸಿದೆ: 71.87 ರಲ್ಲಿ 31.87 ಕಳೆದರೆ ಸರಿಯಾಗಿ 40. ಇದು ಆಕಸ್ಮಿಕವೋ, ಏನಾದರೂ ಅರ್ಥ ಇದೆಯೋ? ದಯವಿಟ್ಟು ಹೇಳಿ.

ಉತ್ತರ 1: ದಶಮಾಂಶ

ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆಯೋ ರೇಡಿಯನ್‌ನಲ್ಲಿದೆಯೋ ಮೊದಲು ನೋಡಿ. ಸೈನ್ 30 ಒತ್ತಿ, 0.5 ಬರಬೇಕು.

ಸಂಜೆಪಾಠ: ಒತ್ತಿದೆ, 0.5 ಬಂತು. ಡಿಗ್ರಿಯಲ್ಲೇ ಇದೆ.

ಉತ್ತರ 2: ಹಳೇಕೈವಾರ

ಇಪ್ಪತ್ತಾರು ವರ್ಷ ಗಣಿತ ಪಾಠ ಮಾಡಿದವನು ನಾನು. ಕೂಡಿ ನೋಡಿದಿರಲ್ಲ, ಅದು ತುಂಬಾ ಒಳ್ಳೆಯ ಅಭ್ಯಾಸ. ಬಹಳ ಮಕ್ಕಳು 71.87 ಕ್ಕೆ ಗೆರೆ ಎಳೆದು ಮುಂದಿನ ಲೆಕ್ಕಕ್ಕೆ ಹೋಗಿಬಿಡುತ್ತಿದ್ದರು.

ನಿಮ್ಮ ಗುಣಾಕಾರ ಭಾಗಾಕಾರ ಎಲ್ಲ ಸರಿ ಇದೆ. ಸೈನ್ ಸಿ = 0.9503 ಕೂಡ ಸರಿ. ಆದರೆ ಸೈನ್ 71.87 ಎಷ್ಟೋ ಸೈನ್ 108.13 ಕೂಡ ಅಷ್ಟೇ. ಶಿಫ್ಟ್ ಒತ್ತಿ ಸೈನ್ ಒತ್ತಿದಾಗ ಯಂತ್ರ ಯಾವತ್ತೂ 90 ದಾಟುವುದಿಲ್ಲ, ಲಘುಕೋನವನ್ನೇ ಕೊಡುತ್ತದೆ. ನಿಮ್ಮ ಸಿ ವಿಶಾಲಕೋನ, 108.13°. ಈಗ ಕೂಡಿ.

ನೀವು ಕಂಡ ಆ 40 ಆಕಸ್ಮಿಕವಲ್ಲ. 71.87 ಎಂಬುದು ಸಿ ಬಿಂದುವಿನಲ್ಲಿರುವ ಬಾಹ್ಯಕೋನ. ಬಾಹ್ಯಕೋನ ಅಂತರಾಭಿಮುಖ ಕೋನಗಳ ಮೊತ್ತಕ್ಕೆ ಸಮ, ಅಂದರೆ 40 + 31.87. ಒಳಗಿನ ಕೋನ ಕೇಳಿದರೆ ಯಂತ್ರ ಹೊರಗಿನದನ್ನು ಕೊಟ್ಟಿತು.

ಯಾಕೆ ಹೀಗೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ನನಗೆ ಈ ಪಾಠದಲ್ಲಿ ಅತಿ ಇಷ್ಟವಾದ ಜಾಗ ಇದು. ತ್ರಿಭುಜದ ಮೂರೂ ಶೃಂಗಗಳ ಮೇಲೆ ಹಾಯುವ ಪರಿವೃತ್ತ ಬರೆಯಿರಿ. ಯಾವುದೇ ಬಾಹುವನ್ನು ಅದರ ಎದುರಿನ ಕೋನದ ಸೈನ್‌ನಿಂದ ಭಾಗಿಸಿದರೆ ಬರುವುದು ಈ ವೃತ್ತದ ವ್ಯಾಸ. ನಿಮ್ಮ ಲೆಕ್ಕದಲ್ಲಿ ಅದು 9.47. ಸೈನ್ ನಿಯಮ ಅಂದರೆ ಇಷ್ಟೇ: ಮೂರು ಬಾಹುಗಳೂ ಒಂದೇ ವೃತ್ತದ ಜ್ಯಾಗಳು, ಹಾಗಾಗಿ ಮೂರು ಭಾಗಲಬ್ಧಗಳೂ ಒಂದೇ. ಸೈನ್‌ಗೆ ನಮ್ಮಲ್ಲಿದ್ದ ಹಳೆಯ ಹೆಸರೂ ಜ್ಯಾ, ಬಿಲ್ಲಿನ ಹೆದೆ. ಸರಿಯಾಗಿ ಹೇಳಬೇಕೆಂದರೆ ಅರ್ಧಜ್ಯಾ. 499 ರಲ್ಲಿ ಆರ್ಯಭಟ 3 ಡಿಗ್ರಿ 45 ಮಿನಿಟಿಗೊಂದರಂತೆ ಕೊಟ್ಟ 24 ಬೆಲೆಗಳು ಇವುಗಳ ನಡುವಿನ ವ್ಯತ್ಯಾಸಗಳೇ.

ಈಗ ಎಬಿ ಎಂಬ ಜ್ಯಾ ನೋಡಿ. ಅದು ವೃತ್ತವನ್ನು ಎರಡು ಕಂಸಗಳಾಗಿ ಸೀಳುತ್ತದೆ. ದೊಡ್ಡ ಕಂಸದ ಮೇಲೆ ಕುಳಿತು ಆ ಜ್ಯಾವನ್ನು ನೋಡಿದರೆ 71.87°, ಸಣ್ಣ ಕಂಸದ ಮೇಲೆ ಕುಳಿತು ನೋಡಿದರೆ 108.13°. ಚಕ್ರೀಯ ಚತುರ್ಭುಜದ ಅಭಿಮುಖ ಕೋನಗಳು ಕೂಡಿ 180 ಎಂದು ಕಲಿತಿದ್ದೀರಲ್ಲ, ಅದೇ. ಸೈನ್‌ಗೆ ಗೊತ್ತಿರುವುದು ಜ್ಯಾದ ಉದ್ದ ಮಾತ್ರ. ಸಿ ಯಾವ ಪಕ್ಕದಲ್ಲಿದೆ ಎಂದು ಅದನ್ನು ಕೇಳಿ ಪ್ರಯೋಜನವಿಲ್ಲ.

ಹಾಗಾಗಿ ಕೊಸೈನ್ ನಿಯಮದಿಂದ ಮೂರನೇ ಬಾಹು ತೆಗೆದ ಮೇಲೆ, ಉಳಿದೆರಡು ಕೋನಗಳಲ್ಲಿ ಸಣ್ಣ ಬಾಹುವಿನ ಎದುರಿನದನ್ನು ಮೊದಲು ತೆಗೆಯಿರಿ. ಅದು ವಿಶಾಲಕೋನ ಆಗಲು ಸಾಧ್ಯವೇ ಇಲ್ಲ, ಒಂದು ತ್ರಿಭುಜದಲ್ಲಿ ಎರಡು ವಿಶಾಲಕೋನ ಹಿಡಿಸುವುದಿಲ್ಲ. ನಿಮ್ಮಲ್ಲಿ ಅದು ಬಿ, 31.87. ಕೊನೆಯದನ್ನು 180 ರಿಂದ ಕಳೆದು ಪಡೆಯಿರಿ.

ಸಂಜೆಪಾಠ: ಸರ್, ಬಾಹ್ಯಕೋನ ಅಂದ ಕೂಡಲೇ ಕಣ್ಣಿಗೆ ಕಟ್ಟಿತು. ಇನ್ನೊಂದು ಲೆಕ್ಕ: ಕೋನ ಎ = 30°, ಎಸಿ = 10, ಬಿಸಿ = 7. ಸೈನ್ ಬಿ = 0.7143. ಇಲ್ಲಿ 45.58 ಕೂಡ ಸರಿಹೋಗುತ್ತದೆ, 134.42 ಕೂಡ ಸರಿಹೋಗುತ್ತದೆ. ಎರಡರಲ್ಲೂ ಮೊತ್ತ 180 ಮೀರುವುದಿಲ್ಲ. ಯಾವುದನ್ನು ಬಿಡಲಿ?

ಹಳೇಕೈವಾರ: ಯಾವುದನ್ನೂ ಬಿಡಬೇಡಿ, ಎರಡೂ ಉತ್ತರವೇ. ನಂಬಿಕೆ ಬರಬೇಕಾದರೆ ಕ್ಯಾಲ್ಕುಲೇಟರ್ ಪಕ್ಕಕ್ಕಿಟ್ಟು ಕೈವಾರ ತೆಗೆದುಕೊಳ್ಳಿ. ಎ ಇಂದ ಬಲಕ್ಕೆ ಉದ್ದವಾದ ಗೆರೆ ಎಳೆಯಿರಿ. ಕೋನಮಾಪಕದಿಂದ 30° ಗುರುತಿಸಿ, ಆ ದಿಕ್ಕಿನಲ್ಲಿ 10 ಸೆಂ.ಮೀ. ಅಳೆದು ಸಿ ಇಡಿ. ಕೈವಾರದಲ್ಲಿ 7 ಸೆಂ.ಮೀ. ತೆಗೆದುಕೊಂಡು, ಮುಳ್ಳನ್ನು ಸಿ ಮೇಲೆ ಊರಿ, ಕೆಳಗಿನ ಗೆರೆಯತ್ತ ಕಂಸ ಎಳೆಯಿರಿ. ಅದು ಗೆರೆಯನ್ನು ಎರಡು ಕಡೆ ಕತ್ತರಿಸುತ್ತದೆ. ಆ ಎರಡೂ ಬಿಂದುಗಳು ಬಿ ಆಗಬಹುದು.

ಸಿ ಇಂದ ಗೆರೆಗೆ ಇರುವ ಲಂಬದೂರ 10 × ಸೈನ್ 30 = 5. ಎದುರಿನ ಬಾಹು 5 ಕ್ಕಿಂತ ಕಡಿಮೆಯಾದರೆ ಕಂಸ ಗೆರೆಯನ್ನು ಮುಟ್ಟುವುದೇ ಇಲ್ಲ, ಕ್ಯಾಲ್ಕುಲೇಟರ್ ಎರರ್ ತೋರಿಸುತ್ತದೆ. 5 ಆದರೆ ಒಂದೇ ಕಡೆ ತಾಗುತ್ತದೆ, ಅದು ಲಂಬಕೋನ ತ್ರಿಭುಜ. 5 ಮತ್ತು 10 ರ ನಡುವೆ ಎರಡು ತ್ರಿಭುಜ. 10 ಅಥವಾ ಹೆಚ್ಚಾದರೆ ಮತ್ತೆ ಒಂದೇ.

ಶಾಲೆಯಲ್ಲಿ ಸರ್ವಸಮತೆಗೆ, ಅಂದರೆ ಎರಡು ತ್ರಿಭುಜಗಳು ತದ್ರೂಪ ಎನ್ನಲು, ಬಾ.ಕೋ.ಬಾ. (ಬಾಹು, ಕೋನ, ಬಾಹು), ಕೋ.ಬಾ.ಕೋ., ಬಾ.ಬಾ.ಬಾ. ಎಂದೆಲ್ಲ ಕಲಿಸಿ ಬಾ.ಬಾ.ಕೋ. ಮಾತ್ರ ಯಾಕೆ ಬಿಟ್ಟರು ಎಂಬುದಕ್ಕೆ ಕಾರಣ ಈ ಎರಡು ಬಿಂದುಗಳೇ. ಲಂ.ವಿ.ಬಾ. (ಲಂಬಕೋನ, ವಿಕರ್ಣ, ಬಾಹು) ಸೇರಿಸಿದ್ದೂ ಸರಿಯೇ: ಕೊಟ್ಟ ಕೋನ 90 ಆದಾಗ ಎದುರಿನ ಬಾಹು ವಿಕರ್ಣ, ಅದು ಯಾವಾಗಲೂ ಉದ್ದ.

ಉತ್ತರ 3: ಅಳತೆಗಾರ

ನಾನು ಸರ್ವೆ ಕೆಲಸದವನು. ನಮಗೆ ಈ ಗೊಂದಲ ಕಡಿಮೆ, ಯಾಕೆಂದರೆ ಒಂದು ಬಾಹು ಅಳೆದು ಅದರ ಎರಡು ತುದಿಯ ಕೋನಗಳನ್ನು ತೆಗೆದುಕೊಳ್ಳುತ್ತೇವೆ. ಆಗ ತ್ರಿಭುಜ ಒಂದೇ. ಬೆಳಕಿನ ವಕ್ರೀಭವನದ ನಿಯಮದಿಂದ ಹೆಸರಾದ ಸ್ನೆಲ್ 1615 ರಲ್ಲಿ ಹಾಲೆಂಡಿನಲ್ಲಿ ತ್ರಿಭುಜಗಳ ಸರಪಳಿ ಕಟ್ಟಿ ದೂರ ಅಳೆದದ್ದೂ ಹೀಗೆಯೇ. ಒಂದು ಎಚ್ಚರಿಕೆ ಸೇರಿಸುತ್ತೇನೆ: ಬಾಹುಗಳಿಂದ ಕೋನ ತೆಗೆಯುವಾಗ ಉತ್ತರ 90 ರ ಹತ್ತಿರ ಬಂದರೆ ಸೈನ್ ನಿಯಮವನ್ನು ನಂಬಬೇಡಿ. ಸೈನ್ 85 ಅಂದರೆ 0.9962, ಸೈನ್ 90 ಅಂದರೆ 1. ಬಾಹುವಿನ ಅಳತೆ ಕೂದಲೆಳೆಯಷ್ಟು ತಪ್ಪಿದರೂ ಕೋನ ಡಿಗ್ರಿಗಟ್ಟಲೆ ಜಾರುತ್ತದೆ. ಅಲ್ಲಿ ಕೊಸೈನ್ ನಿಯಮವೇ ಗಟ್ಟಿ.

ಸಂಜೆಪಾಠ: ಬರೆದು ನೋಡಿದೆ. ಎ ಇಂದ ಮೊದಲ ಬಿಂದು 3.8 ಸೆಂ.ಮೀ., ಎರಡನೆಯದು 13.6. ಆಮೇಲೆ ಲೆಕ್ಕ ಮಾಡಿದರೆ 3.76 ಮತ್ತು 13.56 ಬಂತು. ಕೈವಾರವನ್ನು 4.5 ಕ್ಕೆ ಇಳಿಸಿಯೂ ಎಳೆದೆ, ಕಂಸ ಗೆರೆಯ ಮೇಲೆಯೇ ತೇಲಿ ಹೋಯಿತು. ಮೊದಲ ಲೆಕ್ಕದ ತ್ರಿಭುಜವನ್ನೂ ಅಳತೆಗೆ ಸರಿಯಾಗಿ ಬರೆದಿದ್ದೇನೆ. ಸಿ ಹತ್ತಿರ ಕೋನಮಾಪಕ ಇಟ್ಟರೆ 108.