ಗಡ್ಡೆಯೋ ಹೆಪ್ಪೋ: ಶ್ವಾಸಕೋಶದ ಅಪಧಮನಿಯ ಸಾರ್ಕೋಮಾ ಬಗ್ಗೆ ಬರೆಯುವಾಗ

ಗೆಳೆಯರೆ,

ರೋಗಿಯ ಮನೆಯವರ ಕೈಗೆ ಕೊಡುವ ಒಂದು ಮಾಹಿತಿ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ವಿಷಯ ಪಲ್ಮನರಿ ಆರ್ಟರಿ ಸಾರ್ಕೋಮಾ. ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಒಯ್ಯುವ ದೊಡ್ಡ ನಾಳದ ಒಳಪದರದಲ್ಲೇ ಹುಟ್ಟುವ ಕ್ಯಾನ್ಸರ್ ಇದು. ತೀರಾ ಅಪರೂಪ. 1923ರಲ್ಲಿ ಮ್ಯಾಂಡೆಲ್‌ಸ್ಟಾಮ್ ಎಂಬುವರು ಶವಪರೀಕ್ಷೆಯಲ್ಲಿ ಕಂಡದ್ದನ್ನು ಮೊದಲ ವರದಿಯೆಂದು ಹೇಳುತ್ತಾರೆ. ನನ್ನನ್ನು ಕಾಡುತ್ತಿರುವುದು ಮುಖ್ಯವಾಗಿ 'ಗಡ್ಡೆ' ಎಂಬ ಪದ.

ಟ್ಯೂಮರ್ ಬಂದರೆ ನಾವು ಗಡ್ಡೆ ಎನ್ನುತ್ತೇವೆ. ರಕ್ತ ಹೆಪ್ಪುಗಟ್ಟಿದರೂ 'ರಕ್ತದ ಗಡ್ಡೆ' ಎನ್ನುತ್ತೇವೆ. 'ಮೆದುಳಿನಲ್ಲಿ ಗಡ್ಡೆ' ಎಂಬ ಸುದ್ದಿ ಓದಿದಾಗ ಯಾವ ಗಡ್ಡೆ ಎಂದು ಎಷ್ಟೋ ಸಲ ಕೊನೆಯ ಸಾಲಿನವರೆಗೂ ತಿಳಿಯುವುದಿಲ್ಲ. ಬೇರೆಡೆ ಇದನ್ನು ಹೇಗೋ ಸಹಿಸಬಹುದು, ಇಲ್ಲಿ ಆಗದು. ವೈದ್ಯರೇ ಎಡವುವ ಜಾಗ ಇದು. ರೋಗಿಗೆ ಏದುಸಿರು, ಎದೆನೋವು, ಕೆಮ್ಮು, ಕೆಲವೊಮ್ಮೆ ಕಫದಲ್ಲಿ ರಕ್ತ. ಸಿಟಿ ಸ್ಕ್ಯಾನಿನಲ್ಲಿ ನಾಳದೊಳಗೆ ಏನೋ ತುಂಬಿಕೊಂಡಿರುವುದು ಕಾಣುತ್ತದೆ. ಕಾಲಿನ ನಾಳದಿಂದ ಹೆಪ್ಪು ಹರಿದು ಬಂದು ಸಿಕ್ಕಿಕೊಂಡಿದೆ ಎಂದು ತಿಳಿದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್, ವಾರ್ಫರಿನ್ ಶುರುಮಾಡುತ್ತಾರೆ. ಹೆಪ್ಪಾಗಿದ್ದರೆ ಸಾಮಾನ್ಯವಾಗಿ ಕುಗ್ಗಬೇಕು. ಇದು ಕುಗ್ಗುವುದಿಲ್ಲ, ಬೆಳೆಯುತ್ತದೆ.

ಅನುಮಾನ ಹುಟ್ಟಿಸುವ ಕುರುಹುಗಳು ಇಲ್ಲದಿಲ್ಲ. ತೂಕ ಇಳಿದಿರುತ್ತದೆ, ಸಣ್ಣ ಜ್ವರ ಇರಬಹುದು, ಕಾಲಿನಲ್ಲಿ ಹುಡುಕಿದರೆ ಹೆಪ್ಪು ಸಿಗುವುದಿಲ್ಲ. ಹರಿದು ಬಂದ ಹೆಪ್ಪು ಹೆಚ್ಚಾಗಿ ಕವಲುಗಳಲ್ಲಿ ಸಿಕ್ಕಿಕೊಂಡರೆ, ಸಾರ್ಕೋಮಾ ನಾಳದ ಬುಡದಲ್ಲೇ ಅಗಲಕ್ಕೆ ತುಂಬಿ, ಗೋಡೆಯ ಗೆರೆಯನ್ನೇ ಅಳಿಸಿದಂತೆ ಕಾಣುತ್ತದೆ. ಸಕ್ಕರೆಯನ್ನು ಹೆಚ್ಚು ಹೀರುವುದರಿಂದ ಪೆಟ್ ಸ್ಕ್ಯಾನಿನಲ್ಲಿ ಸಾಮಾನ್ಯವಾಗಿ ಬೆಳಗುತ್ತದೆ. ಕ್ಯಾತಿಟರ್ ಎಂಬ ತೆಳು ನಳಿಕೆ ತೂರಿಸಿ ಚೂರು ತೆಗೆದು ಪರೀಕ್ಷಿಸುವುದುಂಟು. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ನಾಳ ಸೀಳಿದಾಗಲೇ ಗೊತ್ತಾಗುವುದೂ ಉಂಟು.

ಈಗ ಮನೆಯವರ ಕಿವಿಯಿಂದ ಕೇಳಿ. ಮೊದಲ ತಿಂಗಳು, 'ನಾಳದಲ್ಲಿ ಗಡ್ಡೆ ಇದೆ, ಮಾತ್ರೆ ತೆಗೆದುಕೊಳ್ಳಿ.' ಮೂರನೆಯ ತಿಂಗಳು, 'ಅದು ಗಡ್ಡೆ, ಎದೆ ತೆರೆಯಬೇಕು.' ಅವರ ಪಾಲಿಗೆ ಏನೂ ಬದಲಾಗಿಲ್ಲ, ಡಾಕ್ಟರ ಮಾತು ಮಾತ್ರ ಬದಲಾಗಿದೆ!

ಟ್ಯೂಮರಿಗೆ 'ಅರ್ಬುದ' ಆಗಬಹುದೇ? ಸುಶ್ರುತ ಸಂಹಿತೆಯಲ್ಲಿ ಮಾಂಸಾರ್ಬುದ ಎಂಬ ಮಾತೇ ಇದೆ. ಸಾರ್ಕೋಮಾದ ಗ್ರೀಕ್ ಮೂಲಕ್ಕೂ ಮಾಂಸವೆಂದೇ ಅರ್ಥ. ಚಂದದ ಹೊಂದಿಕೆ, ಆದರೆ ಓದುವವರು ಪಂಡಿತರಲ್ಲ. 'ದುರ್ಮಾಂಸ' ಎಂದರೆ ಮೂಗಿನೊಳಗಿನದೆಂದು ಹಗುರವಾಗಿ ಎಣಿಸುತ್ತಾರೆ. 'ಗಂತಿ' ಕೈಗೆ ಸಿಗುವಂಥದ್ದು. ನನ್ನ ಒಲವು ಹೀಗಿದೆ: ಗಡ್ಡೆಯನ್ನು ಟ್ಯೂಮರಿಗೇ ಬಿಟ್ಟುಕೊಟ್ಟು, ರಕ್ತದ ವಿಷಯಕ್ಕೆ ಹೆಪ್ಪು ಎಂದಷ್ಟೇ ಬರೆಯುವುದು. ಹೆಪ್ಪು ಕಟ್ಟುತ್ತದೆ, ಗಡ್ಡೆ ಬೆಳೆಯುತ್ತದೆ. ಕ್ರಿಯಾಪದವೇ ಬೇರೆ ಇರುವುದರಿಂದ ಗೊಂದಲ ಕಡಿಮೆ. ಹೆಪ್ಪುಗಟ್ಟಿದ ರಕ್ತಕ್ಕೆ 'ಕರಣೆ' ಇನ್ನೂ ಖಚಿತವಾದ ಪದ, ಆದರೆ ಈಗಿನ ಎಷ್ಟು ಜನರ ಬಾಯಲ್ಲಿದೆ?

ನಾಳದ ಹೆಸರಿನಲ್ಲಿ ಅಷ್ಟು ಕಷ್ಟವಿಲ್ಲ. 'ಶುದ್ಧರಕ್ತನಾಳ' ಎಂದು ಕಲಿತವರಿದ್ದಾರೆ, ಆದರೆ ಈ ಆರ್ಟರಿಯಲ್ಲಿ ಹರಿಯುವುದು ಆಮ್ಲಜನಕ ಕಡಿಮೆಯಾದ ರಕ್ತ. ಆ ಪದ ಇಲ್ಲಿ ಸುಳ್ಳಾಗುತ್ತದೆ. 'ಅಪಧಮನಿ'ಯಲ್ಲಿ ಹೃದಯದಿಂದ ಆಚೆಗೆ ಎಂಬ ಅರ್ಥವಷ್ಟೇ ಇರುವುದರಿಂದ ಅದೇ ಸರಿ.

ಕೊನೆಯದು ಶಸ್ತ್ರಚಿಕಿತ್ಸೆ, ಎಂಡಾರ್ಟರೆಕ್ಟಮಿ. ಹೃದಯ-ಶ್ವಾಸಕೋಶ ಯಂತ್ರಕ್ಕೆ ಜೋಡಿಸಿ, ಮೈಯನ್ನು ಸುಮಾರು 18ರಿಂದ 20 ಡಿಗ್ರಿ ಸೆಲ್ಸಿಯಸ್‌ವರೆಗೆ ತಣಿಸಿ, ರಕ್ತದ ಓಟವನ್ನೇ ಸ್ವಲ್ಪ ಹೊತ್ತು ನಿಲ್ಲಿಸುತ್ತಾರೆ. ಒಂದು ಸಲಕ್ಕೆ ಸುಮಾರು 20 ನಿಮಿಷ ಮೀರದಂತೆ ನೋಡಿಕೊಳ್ಳುತ್ತಾರೆ. ರಕ್ತವಿಲ್ಲದ ಆ ಹೊತ್ತಿನಲ್ಲಿ ಗಡ್ಡೆಯನ್ನು ನಾಳದ ಒಳಪದರದ ಸಮೇತ, ಕವಲುಗಳ ತುದಿಯವರೆಗೂ ತುಂಡಾಗದಂತೆ ಎಳೆದು ತೆಗೆಯುತ್ತಾರೆ. ರೋಗ ಗೋಡೆಯನ್ನು ದಾಟಿದ್ದರೆ ನಾಳದ ಆ ಭಾಗವನ್ನೇ ಕತ್ತರಿಸಿ ಕಸಿನಾಳ ಕೂರಿಸಬೇಕು. ಕೆಲವರಿಗೆ ಒಂದು ಕಡೆಯ ಶ್ವಾಸಕೋಶವೂ ಹೋಗುತ್ತದೆ. ಇಷ್ಟಾದರೂ ಮರಳಿ ಬರುವ ರೋಗವಿದು. ಅದನ್ನು ಪತ್ರದಲ್ಲಿ ಮುಚ್ಚಿಡುವ ಉದ್ದೇಶ ನನಗಿಲ್ಲ.

ಈ ಕೆಲಸಕ್ಕೆ 'ಒಳಪದರ ಸುಲಿಯುವುದು' ಎಂದು ಬರೆದಿದ್ದೆ. ಓದಿದ ಮಿತ್ರರೊಬ್ಬರು, ಆಸ್ಪತ್ರೆಯ ಕಾಗದದಲ್ಲಿ ಸುಲಿಗೆಯನ್ನು ನೆನಪಿಸಬೇಡಿ ಎಂದು ನಕ್ಕರು. ಅದಕ್ಕಿಂತ ದೊಡ್ಡ ಆಕ್ಷೇಪ ನನ್ನದೇ ಇದೆ: ಅಡಿಕೆಯಾಗಲಿ ಬಾಳೆಹಣ್ಣಾಗಲಿ, ನಾವು ಸುಲಿಯುವುದು ಹೊರಗಿನ ಸಿಪ್ಪೆಯನ್ನು. ಇಲ್ಲಿ ಹೊರಗೋಡೆ ಉಳಿಯಬೇಕು, ಒಳಗಿನದು ಬರಬೇಕು. 'ಹೆರೆ' ಎಂದರೆ ಚೂರುಚೂರಾಗಿ ಬರುವ ಅರ್ಥ. ಚಿಪ್ಪಿನಿಂದ ಕೊಬ್ಬರಿಯನ್ನು ಇಡಿಯಾಗಿ 'ಎಬ್ಬಿಸುತ್ತಾರೆ' ಅಲ್ಲವೇ, ಆ ಕ್ರಿಯಾಪದ ಹೊಂದೀತೇ? 'ಒಳಪದರ ಎಬ್ಬಿಸುವ ಶಸ್ತ್ರಚಿಕಿತ್ಸೆ' ಎಂದರೆ ನಿಮ್ಮ ಕಡೆಯವರಿಗೆ ಅರ್ಥವಾಗುತ್ತದೆಯೇ? ತೆಂಗು ಬೆಳೆಯುವ ಕಡೆಯವರು ಬೇರೆ ಮಾತು ಬಳಸುವುದಿದ್ದರೆ ಅದನ್ನೂ ತಿಳಿಸಿ.