ಪಾರ್ಕಲ್ಲಿ ಹೆಜ್ಜೇನು, ಸಂಜೆಗೆ ಸೊಳ್ಳೆ: ನಡಿಗೆ ಚಾಲೆಂಜ್ ನಿಲ್ಲಿಸದೆ ಮುಂದುವರಿಸೋದು ಹೇಗೆ? ಅನುಭವ ಇದ್ದವರು ಹೇಳಿ

ತುಮಕೂರಿನಿಂದ, ಕೇಳಿದವರು

ನಮ್ಮ ಬಡಾವಣೆಯಲ್ಲಿ ಹೆಂಗಸರು, ರಿಟೈರ್ ಆದವರು, ಕಾಲೇಜು ಓದುವ ಕೆಲವು ಹುಡುಗಿಯರು ಸೇರಿ ನಡಿಗೆ ಚಾಲೆಂಜ್ ಶುರು ಮಾಡಿದ್ದೇವೆ. ದಿನಕ್ಕೆ 8,000 ಹೆಜ್ಜೆ. ಒಂದು ದಿನವೂ ತಪ್ಪಿಸಬಾರದು. ರಾತ್ರಿಯೊಳಗೆ ವಾಟ್ಸಾಪ್ ಗುಂಪಿಗೆ ಲೆಕ್ಕ ಹಾಕಬೇಕು. ಶುಗರ್, ಬಿಪಿ ಇರುವವರೇ ಜಾಸ್ತಿ, ಎಲ್ಲರಿಗೂ ಒಳ್ಳೆ ಹುರುಪು ಬಂದಿತ್ತು. ಈಗ ಪಾರ್ಕಿನ ಅರಳಿ ಮರದಲ್ಲಿ ಹೆಜ್ಜೇನು ಕಟ್ಟಿದೆ. ಹೋದ ವಾರ ಗುಂಪಿನ ಅಜ್ಜಿಯೊಬ್ಬರಿಗೆ ಹಣೆ ಮೇಲೆ ಕಚ್ಚಿ ಒಂದು ಕಣ್ಣು ಪೂರ್ತಿ ಮುಚ್ಚಿಕೊಂಡಿತು. ಸಂಜೆ ಹೋಗೋಣ ಅಂದರೆ ಸೊಳ್ಳೆ, ಡೆಂಗಿ ಭಯ. ಅರ್ಧ ಜನ ಚಾಲೆಂಜ್ ಸಾಕು ಅನ್ನುತ್ತಿದ್ದಾರೆ. ನನಗೆ ನಿಲ್ಲಿಸಲು ಮನಸ್ಸಿಲ್ಲ. ನೀವೆಲ್ಲ ಏನು ಮಾಡಿದಿರಿ, ದಯವಿಟ್ಟು ಹೇಳಿ.

ಕೋಲಾರದಿಂದ, ನಿವೃತ್ತ ಪಿಇ ಮೇಷ್ಟ್ರು

ನಿಲ್ಲಿಸಬೇಡಿ ತಾಯಿ. ಆದರೆ ನಿಯಮ ಬದಲಾಯಿಸಿ.

ಹೆಜ್ಜೆ ಎಣಿಸುವುದು, ಒಂದು ದಿನವೂ ತಪ್ಪಿಸಬಾರದು ಅನ್ನುವುದು, ಇವೆರಡೂ ಸೇರಿದರೆ ಜನ ಬೇಡದ ಹೊತ್ತಲ್ಲಿ ಬೇಡದ ಜಾಗಕ್ಕೆ ಹೋಗುತ್ತಾರೆ. ಮರದಲ್ಲಿ ಜೇನು ಕಾಣುತ್ತಿದ್ದರೂ "ಇನ್ನೊಂದೇ ಸುತ್ತು" ಅಂತ ಅದರ ಕೆಳಗೇ ಓಡಾಡುತ್ತಾರೆ. ನಮ್ಮ ಗುಂಪಿನಲ್ಲಿ ಲೆಕ್ಕ ನಿಮಿಷಕ್ಕೆ, ಅದೂ ವಾರಕ್ಕೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ವ್ಯಾಯಾಮ. ಅಂದರೆ ಉಸಿರು ಸ್ವಲ್ಪ ಜೋರಾಗಬೇಕು, ಮಾತಾಡಲು ಆಗಬೇಕು, ಹಾಡಲು ಆಗಬಾರದು. ಜೊತೆಗೆ ವಾರಕ್ಕೆ ಎರಡು ದಿನವಾದರೂ ಕೈಕಾಲಿಗೆ ಬಲ ಬರುವ ಕಸರತ್ತು. ಪಾರ್ಕಲ್ಲೇ ಮಾಡಿ ಅಂತ ಅವರು ಹೇಳಿಲ್ಲ. ಮನೆ ಮೆಟ್ಟಿಲು, ಟೆರೇಸು, ಹಾಲ್ ಎಲ್ಲವೂ ನಡೆಯುತ್ತದೆ. ಅಷ್ಟೊಂದು ಹೆಸರಾಗಿರುವ 10,000 ಹೆಜ್ಜೆಯ ಗುರಿ ಕೂಡ 1960ರ ದಶಕದಲ್ಲಿ ಜಪಾನಿನವರು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಿಂದ ಬಂದದ್ದು. ಹಾಗಾಗಿ ನಿಮ್ಮ 8,000ವನ್ನು ನಿಮಿಷಕ್ಕೆ ಬದಲಿಸಿದರೆ ಏನೂ ಕಳೆದುಹೋಗುವುದಿಲ್ಲ.

ಇನ್ನು ಹೆಜ್ಜೇನು. ಇದು ತುಡುವೆ ಜೇನಿನಂತೆ ಪೊಟರೆಯೊಳಗೆ ಇರುವುದಿಲ್ಲ. ಎತ್ತರದ ಕೊಂಬೆ, ನೀರಿನ ಟ್ಯಾಂಕಿನ ಅಡಿ, ಬಂಡೆಯ ಅಂಚು, ಇಂಥ ಕಡೆ ಬಯಲಲ್ಲೇ ಒಂದು ದೊಡ್ಡ ಎರಿ ಕಟ್ಟುತ್ತದೆ. ಎರಿಯ ಮೇಲೆ ಹುಳುಗಳೇ ಪದರ ಪದರವಾಗಿ ಕೂತಿರುತ್ತವೆ. ಸುಮ್ನೆ ಇದ್ದರೆ ಅವೂ ಸುಮ್ನೆ ಇರುತ್ತವೆ. ದೂರದಿಂದ ಗಮನವಿಟ್ಟು ನೋಡಿ. ಬೆದರಿದಾಗ ನೂರಾರು ಹುಳು ಒಂದರ ಹಿಂದೆ ಒಂದು ಹೊಟ್ಟೆ ಮೇಲೆತ್ತುತ್ತವೆ. ಆಗ ಎರಿಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಮಿರಮಿರ ಮಿನುಗುವ ಅಲೆ ಓಡುತ್ತದೆ. ಹಾಗೆ ಕಂಡರೆ ಅಲ್ಲಿಂದಲೇ ವಾಪಸ್ ಬನ್ನಿ.

ಅವು ಏಳುವುದಕ್ಕೆ ಕಾರಣ ಬಹಳ ಸಲ ನಾವೇ. ಒಣಗಿದ ಎಲೆ ಗುಡಿಸಿ ಮರದ ಬುಡದಲ್ಲೇ ಬೆಂಕಿ ಹಾಕುವುದು, ಹುಡುಗರು ಕಲ್ಲು ಎಸೆಯುವುದು, ಪಟಾಕಿ, ಕೊಂಬೆ ಕಡಿಯುವುದು. ಹದ್ದು ಗಿಡುಗ ಎರಗಿದರೂ ಏಳುತ್ತವೆ. ಪಾರ್ಕ್ ನೋಡಿಕೊಳ್ಳುವವರಿಗೆ ಮೊದಲು ಹೇಳಬೇಕಾದ ಮಾತು ಹೊಗೆ ಹಾಕಬೇಡಿ ಅನ್ನೋದು. ನಮ್ಮಲ್ಲಿ ದಿನಾ ಒಬ್ಬರು ಐದು ನಿಮಿಷ ಮುಂಚೆ ಬಂದು ದಾರಿಯುದ್ದಕ್ಕೂ ತಲೆ ಎತ್ತಿ ನೋಡಿಕೊಂಡು ಬರುತ್ತಾರೆ. ಮರ, ಟ್ಯಾಂಕು, ಚಾವಣಿ ಅಂಚು. ಆಮೇಲೆ ಗುಂಪಿಗೆ "ಇವತ್ತು ಈ ಕಡೆ" ಅಂತ ಮೆಸೇಜ್. ಭಾನುವಾರ ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತುವಾಗಲೂ ಮೊದಲು ಬಂಡೆ ನೋಡುತ್ತೇವೆ. ಘಾಟು ಸೆಂಟು ಹಾಕಿಕೊಂಡು ಬರಬೇಡಿ, ಕಡು ಬಣ್ಣದ ಬಟ್ಟೆ ಬೇಡ ಅಂತ ಮೊದಲೇ ಹೇಳಿರುತ್ತೇವೆ.

ಅಕಸ್ಮಾತ್ ಜೇನು ಎದ್ದರೆ ನಿಲ್ಲಬೇಡಿ, ಕೈ ಬೀಸಬೇಡಿ, ಕೆರೆಗೆ ಹಾರಬೇಡಿ. ನೀರಿನ ಮೇಲೆಯೇ ಕಾದು, ತಲೆ ಎತ್ತಿದಾಗ ಕಚ್ಚುತ್ತವೆ. ಸೆರಗೋ ದುಪಟ್ಟಾನೋ ಮುಖಕ್ಕೆ ಸುತ್ತಿ, ದಾರಿ ಕಾಣುವಷ್ಟು ಬಿಟ್ಟು, ಬಾಗಿಲು ಹಾಕುವ ಜಾಗಕ್ಕೆ ಓಡಿ. ಮನೆ, ಅಂಗಡಿ, ಕಾರು ಯಾವುದಾದರೂ ಸರಿ. ಕಚ್ಚಿದ ಹುಳು ಬಾಳೆಹಣ್ಣಿನಂಥ ವಾಸನೆ ಬಿಡುತ್ತದೆ. ಆ ವಾಸನೆ ಹಿಡಿದು ಮಿಕ್ಕವು ಅಲ್ಲಿಗೇ ಬರುತ್ತವೆ. ಓಡಲಾಗದ ವಯಸ್ಸಾದವರಿಗೆ ಒಂದು ದಪ್ಪ ಬೆಡ್‌ಶೀಟ್ ಹೊದಿಸಿ ಕರೆದುಕೊಂಡು ಬರಬಹುದು. ನಮ್ಮ ಗುಂಪಿನ ಚೀಲದಲ್ಲಿ ಅದು ಯಾವಾಗಲೂ ಇರುತ್ತದೆ.

ಗೌರಿಬಿದನೂರಿನಿಂದ

ನಮ್ಮ ಏರಿಯಾದಲ್ಲಿ ರಾತ್ರಿ ಪಂಜು ಹಿಡಿದು ಸುಟ್ಟುಬಿಡುತ್ತಾರೆ. ಅದೇ ಸುಲಭ ಅಲ್ವಾ ಸರ್?

ಕೋಲಾರದಿಂದ, ಅದೇ ಮೇಷ್ಟ್ರು

ಬೇಡಪ್ಪ. ಸುಟ್ಟಾಗ ಉಳಿದ ಹುಳು ಸುತ್ತಮುತ್ತ ಚೆದುರಿ ಬೆಳಿಗ್ಗೆ ಹೋದವರಿಗೆ ಕಚ್ಚುತ್ತವೆ. ಮರಕ್ಕೂ ಬೆಂಕಿ ಹತ್ತಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಅವು ಯಾರ ವೈರಿಯೂ ಅಲ್ಲ. ನಮ್ಮ ಕಡೆ ಹೊಂಗೆ, ನೀಲಗಿರಿ, ಹುಣಸೆ ಹೂವಿಗೆ ಬರುವ ಹುಳು ಅವು, ಎಷ್ಟೋ ಬೆಳೆ ಕಾಯಿ ಕಟ್ಟುವುದು ಅವುಗಳಿಂದಲೇ. ಹೂ ಇರುವ ಕಾಲಕ್ಕೆ ಬರುತ್ತವೆ, ಮುಗಿದ ಮೇಲೆ ತಾವೇ ಎದ್ದು ಹೋಗುತ್ತವೆ. ಅಲ್ಲಿಯವರೆಗೆ ಆ ಮರದ ಸುತ್ತ ಹಗ್ಗ ಕಟ್ಟಿ, ಬೋರ್ಡ್ ಹಾಕಿ, ನಾವು ಬೇರೆ ದಾರಿ ಹಿಡಿದರಾಯಿತು. ಶಾಲೆ, ಆಸ್ಪತ್ರೆ ಬಾಗಿಲಲ್ಲೇ ಕಟ್ಟಿದ್ದರೆ ಮಾತು ಬೇರೆ. ಆಗ ಗೊತ್ತಿರುವವರನ್ನೇ ಕರೆಸಬೇಕು. ಜೇನು ಸಾಕಣೆಯ ಕೆಲಸ ತೋಟಗಾರಿಕೆ ಇಲಾಖೆಗೆ ಸೇರಿದ್ದು, ಅಲ್ಲಿ ವಿಚಾರಿಸಿ.

ಚಿಕ್ಕಬಳ್ಳಾಪುರದಿಂದ, ಸ್ಟಾಫ್ ನರ್ಸ್

ಅಕ್ಕ, ಆ ಅಜ್ಜಿಗೆ ಆಗಿದ್ದು ಬಹುಶಃ ಕಚ್ಚಿದ ಜಾಗದ ಊತ. ಹಣೆಗೆ ಕಚ್ಚಿದರೆ ಕಣ್ಣು ರೆಪ್ಪೆಗೆ ಇಳಿಯುತ್ತದೆ, ಎರಡು ದಿನ ಜಾಸ್ತಿಯಾಗಿ ಆಮೇಲೆ ಕಡಿಮೆಯಾಗುತ್ತದೆ. ಆದರೂ ಡಾಕ್ಟರಿಗೆ ಒಮ್ಮೆ ತೋರಿಸಿ, ಮುಂದಿನ ಸಲಕ್ಕೆ ಏನು ಮಾಡಬೇಕು ಅಂತ ಕೇಳಿಟ್ಟುಕೊಳ್ಳಿ.

ಜೇನು ಕಚ್ಚಿದ ಜಾಗವನ್ನು ಹತ್ತಿರದಿಂದ ನೋಡಿದರೆ ಕಪ್ಪು ಮುಳ್ಳಿನ ಮೇಲೆ ಪುಟ್ಟ ಬಿಳಿ ಚೀಲ ಕಾಣುತ್ತದೆ. ಹುಳು ಹೋದ ಮೇಲೂ ಆ ಚೀಲ ಮಿಡಿಯುತ್ತಲೇ ಇರುತ್ತದೆ, ವಿಷ ಒಳಗೆ ಇಳಿಯುತ್ತಲೇ ಇರುತ್ತದೆ. ಕಾರ್ಡಿನಿಂದ ಕೆರೆಯಬೇಕಾ, ಚಿಮಟದಿಂದ ಕೀಳಬೇಕಾ ಅಂತ ಯೋಚಿಸುತ್ತಾ ನಿಲ್ಲಬೇಡಿ. ಉಗುರಿನಿಂದಲಾದರೂ ಆ ಕ್ಷಣವೇ ತೆಗೆಯಿರಿ. ಸೋಪು ನೀರಲ್ಲಿ ತೊಳೆದು ಐಸ್ ಇಡಿ. ಕೈಗೆ ಕಚ್ಚಿದ್ದರೆ ಬಳೆ, ಉಂಗುರ ತಕ್ಷಣ ಬಿಚ್ಚಿ, ಆಮೇಲೆ ಬಿಚ್ಚಲು ಬರುವುದಿಲ್ಲ. ಸುಣ್ಣ ಹಚ್ಚಬೇಡಿ, ಚರ್ಮ ಸುಡುತ್ತದೆ. ಕಣಜ ಕಚ್ಚಿದರೆ ಮುಳ್ಳು ಒಳಗೆ ಉಳಿಯುವುದಿಲ್ಲ, ಆದರೆ ಒಂದೇ ಕಣಜ ಮತ್ತೆ ಮತ್ತೆ ಕಚ್ಚುತ್ತದೆ. ಪಾರ್ಕ್ ಬೆಂಚಿನ ಅಡಿ ಅದರ ಗೂಡು ಇದೆಯಾ ನೋಡಿ ಕೂರಿ.

ಯಾವುದು ಅಪಾಯ ಅನ್ನುವುದು ಗುಂಪಿನ ಎಲ್ಲರಿಗೂ ಗೊತ್ತಿರಬೇಕು. ಕಚ್ಚಿದ ಜಾಗ ಬಿಟ್ಟು ಮೈತುಂಬ ದದ್ದು ಏಳುವುದು, ತುಟಿ ನಾಲಿಗೆ ಊದುವುದು, ಗಂಟಲು ಕಟ್ಟುವುದು, ಉಸಿರಾಡಲು ಕಷ್ಟ, ವಾಂತಿ, ತಲೆ ಸುತ್ತಿ ಬೀಳುವುದು. ಒಂದೇ ಹುಳು ಕಚ್ಚಿದರೂ ಹೀಗಾಗಬಹುದು, ಕೆಲವೇ ನಿಮಿಷದಲ್ಲಿ ಆಗಬಹುದು. ತಕ್ಷಣ 108ಕ್ಕೆ ಫೋನ್ ಮಾಡಿ. ತಲೆ ಸುತ್ತುತ್ತಿದ್ದರೆ ಮಲಗಿಸಿ ಕಾಲು ಎತ್ತರಿಸಿ. ಉಸಿರಿನ ತೊಂದರೆ ಇದ್ದರೆ ಕೂತುಕೊಳ್ಳಲು ಬಿಡಿ. ಎಬ್ಬಿಸಿ ನಡೆಸಬೇಡಿ. ಇದಕ್ಕೆ ಔಷಧಿ ತೊಡೆಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್. ಮನೆಯಲ್ಲಿರುವ ಅಲರ್ಜಿ ಮಾತ್ರೆ ಇದಕ್ಕೆ ಸಾಲುವುದಿಲ್ಲ. ನಿಮ್ಮಲ್ಲಿ ಬಿಪಿ ಇರುವವರು ಜಾಸ್ತಿ ಅಂದಿರಿ. ಕೆಲವು ಬಿಪಿ ಮಾತ್ರೆಗಳು ಒಳಗಿದ್ದರೆ ಆ ಇಂಜೆಕ್ಷನ್ ಸರಿಯಾಗಿ ಕೆಲಸ ಮಾಡದೇ ಇರಬಹುದು. ಹಾಗಾಗಿ ಯಾವ ಮಾತ್ರೆ ನುಂಗುತ್ತೀರಿ ಅಂತ ಒಂದು ಚೀಟಿಯಲ್ಲಿ ಬರೆದು ಮೊಬೈಲ್ ಕವರಿನಲ್ಲಿಡಿ.

ಒಬ್ಬರಿಗೇ ಹತ್ತಾರು ಹುಳು ಕಚ್ಚಿದ್ದರೆ, ಆರಾಮಾಗಿದ್ದೇನೆ ಅಂದರೂ ಕೇಳಬೇಡಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಷ್ಟು ವಿಷಕ್ಕೆ ಕಿಡ್ನಿಗೆ ಪೆಟ್ಟು ಬೀಳಬಹುದು, ಅದು ಗೊತ್ತಾಗುವುದು ತಡವಾಗಿ.

ತುಮಕೂರಿನಿಂದ, ಅಮಾನಿಕೆರೆಯಲ್ಲಿ ನಡೆಯುವವರು

ಸೊಳ್ಳೆ ಬಗ್ಗೆ ನಾನು ಹೇಳುತ್ತೇನೆ. ಸಂಜೆ ಬೇಡ, ಬೆಳಿಗ್ಗೆ ಸರಿ ಅನ್ನುವ ಲೆಕ್ಕ ಡೆಂಗಿಗೆ ನಡೆಯುವುದಿಲ್ಲ. ಆ ಸೊಳ್ಳೆ ಹಗಲು ಕಚ್ಚುವುದು. ಬೆಳಕು ಹರಿದ ಮೇಲಿನ ಒಂದೆರಡು ಗಂಟೆ, ಮುಳುಗುವ ಮುಂಚಿನ ಒಂದೆರಡು ಗಂಟೆ ಅದಕ್ಕೆ ಹಬ್ಬ. ಅಂದರೆ ಸರಿಯಾಗಿ ನಾವು ವಾಕಿಂಗ್ ಹೋಗುವ ಹೊತ್ತು!

ಆದರೆ ಒಂದು ವಿಷಯ ಗಮನಿಸಿ ಅಕ್ಕ. ನಡೆಯುವಾಗ ಅಷ್ಟಾಗಿ ಕಚ್ಚುವುದಿಲ್ಲ. ನಡೆದು ಮುಗಿಸಿ, ಬೆವರಿಕೊಂಡು, ಪೊದೆ ಪಕ್ಕದ ಬೆಂಚಿನಲ್ಲಿ ಕೂತು ಹರಟುತ್ತೇವಲ್ಲ, ಆಗ ಕಚ್ಚುತ್ತವೆ, ಅದೂ ಪಾದ, ಹಿಮ್ಮಡಿ, ಮೀನಖಂಡಕ್ಕೆ. ನಾವು ಈಗ ಸ್ಟ್ರೆಚಿಂಗ್ ಎಲ್ಲ ಗಾಳಿ ಬೀಸುವ ಬಯಲಲ್ಲಿ ಮಾಡುತ್ತೇವೆ. ಸೊಳ್ಳೆಗೆ ಗಾಳಿ ಎದುರು ಹಾರುವ ತ್ರಾಣ ಇಲ್ಲ. ಸಾಕ್ಸ್, ತಿಳಿ ಬಣ್ಣದ ತುಂಬು ತೋಳಿನ ಬಟ್ಟೆ, ಚಪ್ಪಲಿ ಬದಲು ಶೂ. ಕ್ರೀಮ್ ಹಚ್ಚುವವರು ಸನ್‌ಸ್ಕ್ರೀನ್ ಮೊದಲು, ಸೊಳ್ಳೆ ಕ್ರೀಮ್ ಆಮೇಲೆ. ಬೆವರಿಗೆ ತೊಳೆದು ಹೋಗುತ್ತದೆ, ಮತ್ತೆ ಹಚ್ಚಬೇಕು.

ನಮ್ಮ ಚಾಲೆಂಜಿನಲ್ಲಿ ನನಗೆ ತುಂಬಾ ಇಷ್ಟವಾದದ್ದು ಭಾನುವಾರದ ಡ್ರೈ ಡೇ ನಡಿಗೆ. ಬೀದಿ ಬೀದಿ ನಡೆಯುತ್ತಾ ನಿಂತ ನೀರು ಚೆಲ್ಲುತ್ತೇವೆ. ನಮ್ಮದು ತೆಂಗಿನ ಸೀಮೆ, ಎಳನೀರು ಬುರುಡೆ, ಚಿಪ್ಪು ಎಲ್ಲಿ ನೋಡಿದರಲ್ಲಿ. ಒಂದು ಚಿಪ್ಪಿನ ನೀರನ್ನು ಬಿಸಿಲಿಗೆ ಹಿಡಿದು ನೋಡಿ, ಮರಿಗಳು ತಲೆಕೆಳಗಾಗಿ ನೇತಾಡುತ್ತಾ, ನೆರಳು ಬಿದ್ದ ತಕ್ಷಣ ಕೊಂಕಿಕೊಂಡು ಕೆಳಗೆ ಇಳಿಯುತ್ತವೆ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ ಹತ್ತು ದಿನ ಸಾಕು, ಅದಕ್ಕೇ ವಾರಕ್ಕೊಮ್ಮೆ. ಹಳೆ ಟೈರು, ಕೂಲರ್, ಫ್ರಿಜ್ ಹಿಂದಿನ ಟ್ರೇ, ಮುಚ್ಚಳ ಇಲ್ಲದ ಸಿಂಟೆಕ್ಸ್, ಯಾವುದನ್ನೂ ಬಿಡಬೇಡಿ. ಬಗ್ಗಿ ಎದ್ದು ಬೆನ್ನಿಗೂ ಒಳ್ಳೆ ಕೆಲಸ. ಆ ನಿಮಿಷಗಳನ್ನು ನಾವು ಪೂರ್ತಿ ಲೆಕ್ಕಕ್ಕೆ ಹಾಕಿಕೊಳ್ಳುತ್ತೇವೆ. 2024ರ ಸೆಪ್ಟೆಂಬರಿನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಅಂತ ಘೋಷಿಸಿ, ನೀರು ನಿಲ್ಲಲು ಬಿಟ್ಟವರಿಗೆ ದಂಡ ಅಂದಿತು. ದಂಡಕ್ಕಿಂತ, ಪಕ್ಕದ ಮನೆಯವರು ಐದಾರು ಜನ ಗೇಟಿಗೆ ಬಂದು ಪ್ರೀತಿಯಿಂದ ಹೇಳಿದರೆ ಜನ ಬೇಗ ಕೇಳುತ್ತಾರೆ.

ಜ್ವರ ಬಂದವರು ಚಾಲೆಂಜ್ ಅಂತ ಎದ್ದು ನಡೆಯಬಾರದು. ಮೈಕೈ ನೋವಿಗೆ ಅಂಗಡಿ ಮಾತ್ರೆ ನುಂಗಬೇಡಿ, ಡೆಂಗಿಯಲ್ಲಿ ಕೆಲವು ನೋವಿನ ಮಾತ್ರೆಗಳಿಂದ ರಕ್ತಸ್ರಾವ ಆಗಬಹುದು.

ಶಿಡ್ಲಘಟ್ಟದಿಂದ

ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಸೊಳ್ಳೆ ಬತ್ತಿ, ಲಿಕ್ವಿಡ್, ಸ್ಪ್ರೇ ಏನೂ ಹತ್ತಿರ ತರುವಂತಿಲ್ಲ, ರೇಷ್ಮೆ ಹುಳು ಸಾಯುತ್ತದೆ. ಹಿಪ್ಪುನೇರಳೆ ತೋಟದ ಕಡೆಗೂ ಹೊಗೆ ಹೊಡೆಯಬೇಡಿ ಅಂತ ಹೇಳಬೇಕಾಗುತ್ತದೆ. ಹಾಗಾಗಿ ನಮ್ಮ ಹೆಂಗಸರ ಗುಂಪು ಸಂಜೆ ವ್ಯಾಯಾಮ ಮಾಡುವುದು ಕಿಟಕಿಗೆ ಜಾಲರಿ ಹೊಡೆದ ಹಾಲ್‌ನಲ್ಲಿ, ಎರಡು ಪೆಡಸ್ಟಲ್ ಫ್ಯಾನ್ ಜೋರಾಗಿ ಹಾಕಿಕೊಂಡು. ಫ್ಯಾನಿನ ಗಾಳಿಗೆ ಸೊಳ್ಳೆ ಬರುವುದೇ ಇಲ್ಲ. ಇದು ಖರ್ಚಿಲ್ಲದ ಉಪಾಯ, ಮಾಡಿ ನೋಡಿ.

ಮಧುಗಿರಿಯಿಂದ

ಹೊರಗೆ ಹೋಗಲಾಗದ ದಿನ ನಾವು ಸಮುದಾಯ ಭವನದಲ್ಲಿ ಕೋಲಾಟ ಆಡುತ್ತೇವೆ. ನೋಡುವವರಿಗೆ ಆಟ, ಆಡುವವರಿಗೆ ಗೊತ್ತು ಅದರ ಕಷ್ಟ. ಹದಿನೈದು ನಿಮಿಷಕ್ಕೆ ಸೆರಗು ಒದ್ದೆ. ಮಂಡಿ ನೋವಿರುವವರು ಕುರ್ಚಿಯಲ್ಲಿ ಕೂತು ಎದ್ದು, ಕೂತು ಎದ್ದು ಮಾಡುತ್ತಾರೆ. ಸೂರ್ಯ ನಮಸ್ಕಾರ ಬಲ್ಲವರು ಅದನ್ನು ಮಾಡುತ್ತಾರೆ. ಶುಗರ್ ಇರುವ ನಮ್ಮ ಅತ್ತೆ ಊಟ ಆದ ಮೇಲೆ ಹಜಾರದಲ್ಲೇ ಹತ್ತು ನಿಮಿಷ ಓಡಾಡುತ್ತಾರೆ, ಅದನ್ನೂ ಲೆಕ್ಕಕ್ಕೆ ಹಾಕುತ್ತೇವೆ. ಒಳಗೆ ಮಾಡಿದ್ದಕ್ಕೆ ಅರ್ಧ ಮಾರ್ಕ್ಸ್ ಅಂತ ಮಾತ್ರ ಇಡಬೇಡಿ. ಹಾಗೆ ಇಟ್ಟರೆ ಜನ ಮತ್ತೆ ಜೇನು ಮರದ ಕೆಳಗೇ ಹೋಗುತ್ತಾರೆ.

ಚಿಕ್ಕಬಳ್ಳಾಪುರ ಕಡೆಯ ಚಾರಣಿಗರು

ಬೆಟ್ಟಕ್ಕೆ ಹೋಗುವವರಿಗೆ ಎರಡೇ ಮಾತು. ನುಗ್ಗೆ ಮರದ ಕಾಂಡಕ್ಕೆ ಒರಗಬೇಡಿ, ಕಂಬಳಿ ಹುಳು ಗುಂಪಾಗಿ ಕೂತಿರುತ್ತದೆ. ಕೂದಲು ತಾಗಿದರೆ ಉಜ್ಜಬಾರದು, ಟೇಪ್ ಅಂಟಿಸಿ ಕೀಳಿ. ಪೊದೆ, ಹುಲ್ಲಿನ ದಾರಿಯಲ್ಲಿ ಪ್ಯಾಂಟನ್ನು ಸಾಕ್ಸ್ ಒಳಗೆ ತೂರಿಸಿ. ಮನೆಗೆ ಬಂದ ತಕ್ಷಣ ಸ್ನಾನ ಮಾಡಿ, ಕಂಕುಳು, ಸೊಂಟ, ತೊಡೆ ಸಂದಿ ನೋಡಿಕೊಳ್ಳಿ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಮರಿ ಕಚ್ಚಿ ಸ್ಕ್ರಬ್ ಟೈಫಸ್ ಬರುತ್ತದೆ. ಒಂದೆರಡು ವಾರದೊಳಗೆ ಜ್ವರ, ಜೊತೆಗೆ ಮೈ ಮೇಲೆ ಎಲ್ಲಾದರೂ ಸುಟ್ಟಂಥ ಕಪ್ಪು ಹಕ್ಕಳೆ ಕಂಡರೆ, ಬೆಟ್ಟಕ್ಕೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಿ. ಬೇಗ ಗೊತ್ತಾದರೆ ಮಾತ್ರೆಯಲ್ಲೇ ವಾಸಿಯಾಗುತ್ತದೆ.

ತುಮಕೂರಿನಿಂದ, ಕೇಳಿದವರು

ಎಲ್ಲರಿಗೂ ಕೈ ಮುಗಿದು ಧನ್ಯವಾದ. ಇವತ್ತೇ ಗುಂಪಿನಲ್ಲಿ ಮಾತಾಡಿದೆ. 8,000 ಹೆಜ್ಜೆ ತೆಗೆದು ವಾರಕ್ಕೆ 180 ನಿಮಿಷ ಮಾಡಿದ್ದೇವೆ. ವಾರಕ್ಕೆ ಎರಡು ದಿನ ರಜೆ ತೆಗೆದುಕೊಳ್ಳಬಹುದು. ಅರಳಿ ಮರದ ಕಡೆಯ ಸುತ್ತು ಬಂದ್, ಶಾಲೆ ಮೈದಾನದಲ್ಲಿ ನಡೆಯುತ್ತೇವೆ. ಅಜ್ಜಿ ಕೋಲಾಟ ಅಂದ ತಕ್ಷಣ ನಾನೇ ಕಲಿಸ್ತೀನಿ ಅಂದರು! ಸಿಸ್ಟರ್, ಭಾನುವಾರದ ಡ್ರೈ ಡೇಗೆ ಮಕ್ಕಳೂ ಬರುತ್ತೇವೆ ಅನ್ನುತ್ತಿದ್ದಾರೆ. ಅವರಿಗೆ ಸೊಳ್ಳೆ ಕ್ರೀಮ್ ಹಚ್ಚಬಹುದಾ?

ಚಿಕ್ಕಬಳ್ಳಾಪುರದಿಂದ, ಸ್ಟಾಫ್ ನರ್ಸ್

ಹಚ್ಚಬಹುದು ಅಕ್ಕ, ಪ್ಯಾಕೆಟ್ ಮೇಲೆ ಯಾವ ವಯಸ್ಸಿನಿಂದ ಅಂತ ನೋಡಿ. ಮಕ್ಕಳ ಕೈಗೆ ಕೊಡಬೇಡಿ, ನಿಮ್ಮ ಅಂಗೈಗೆ ಹಾಕಿಕೊಂಡು ನೀವೇ ಹಚ್ಚಿ. ಬೆರಳಿಗೆ, ಕಣ್ಣು ಬಾಯಿ ಹತ್ತಿರಕ್ಕೆ, ಗಾಯದ ಮೇಲೆ ಬೇಡ. ಬಟ್ಟೆ ಮುಚ್ಚುವ ಜಾಗಕ್ಕೂ ಬೇಡ. ಮನೆಗೆ ಬಂದ ಮೇಲೆ ಸೋಪು ಹಾಕಿ ತೊಳೆಸಿ. ನೀರು ಚೆಲ್ಲುವ ಕೆಲಸ ಮಕ್ಕಳಿಗೆ ಕೊಡಿ, ಟ್ಯಾಂಕ್ ಹತ್ತುವ ಕೆಲಸ ದೊಡ್ಡವರಿಗೆ ಇರಲಿ.