ಪೇಸ್ಟ್ ಬದಲಿಸಿದ ಮೇಲೆ ಸಿಪಿಯು ಮೊದಲಿಗಿಂತ ಜಾಸ್ತಿ ಬಿಸಿ, ನೇರ 95 ಡಿಗ್ರಿ. ದಯವಿಟ್ಟು ಯಾರಾದರೂ ಹೇಳಿ

ಹುಬ್ಬಳ್ಳಿ_ಎಡಿಟರ್
ತಲೆ ಕೆಟ್ಟು ಹೋಗಿದೆ. ರೈಜೆನ್ 5 3600 ಸಿಪಿಯು, ಬಿ450 ಮದರ್‌ಬೋರ್ಡ್, 2020ರಲ್ಲಿ ಕಟ್ಟಿಸಿದ ಪಿಸಿ. ಮದುವೆ ವಿಡಿಯೋ ರೆಂಡರ್ ಮಾಡುವಾಗ 85 ದಾಟುತ್ತಿತ್ತು. ಸಿಪಿಯುಗೂ ಕೂಲರ್‌ಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿರಬೇಕು ಅಂತ ಬದಲಿಸಿದೆ. ಈಗ ಮೊದಲಿಗಿಂತ ಕೆಟ್ಟಿದೆ! ರೆಂಡರ್ ಒತ್ತಿದ ತಕ್ಷಣ 95. ಸುಮ್ನೆ ಬ್ರೌಸರ್ ತೆರೆದರೂ 65. ಹಳೆಯದನ್ನು ಪೂರ್ತಿ ಒರೆಸಿಯೇ ಹೊಸದು ಹಾಕಿದ್ದೇನೆ. ಫ್ಯಾನ್ ಜೋರಾಗಿ ತಿರುಗುತ್ತಿದೆ. ಎಲ್ಲ ಸರಿಯಾಗೇ ಇದೆ, ಆದರೂ ಹೀಗೆ. ಗಿರಾಕಿಗಳು ದಿನಾ ಫೋನ್ ಮಾಡುತ್ತಿದ್ದಾರೆ. ಏನು ಕಾರಣ?

ತಂಪು_ಪೆಟ್ಟಿಗೆ
ಪೇಸ್ಟ್ ಕಡಿಮೆ ಹಾಕಿದ್ದೀರಿ, ಬೇರೇನೂ ಅಲ್ಲ. ಮಧ್ಯದಲ್ಲಿ ಕಡಲೆಕಾಳಿನಷ್ಟು ಇಟ್ಟರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ. ರೈಜೆನ್‌ಗೆ ಅದು ಸಾಲದು. ಎಎಂ4 (ನಿಮ್ಮ ರೈಜೆನ್ ಕೂರುವ ಸಾಕೆಟ್) ಸಿಪಿಯು ಮುಚ್ಚಳ ಹತ್ತಿರ ಹತ್ತಿರ 4 ಸೆಂಟಿಮೀಟರ್ ಚೌಕ, ಒಳಗಿನ ಚಿಪ್ ಮಧ್ಯದಲ್ಲೂ ಇಲ್ಲ. ಮೂಲೆವರೆಗೂ ಪೇಸ್ಟ್ ಹೋಗಬೇಕು. ಬಿಚ್ಚಿ ಜಾಸ್ತಿ ಹಾಕಿ.

ಹುಬ್ಬಳ್ಳಿ_ಎಡಿಟರ್
ಕಡಿಮೆ ಹಾಕಿಲ್ಲ ಸರ್. ಎಕ್ಸ್ ಆಕಾರದಲ್ಲಿ ನಾಲ್ಕೂ ಮೂಲೆ ಕಡೆಗೆ ಎಳೆದಿದ್ದೇನೆ.

ತಂಪು_ಪೆಟ್ಟಿಗೆ
ಎಕ್ಸ್ ಹಾಕಿದರೂ ಗೆರೆ ತೆಳುವಾದರೆ ಪ್ರಯೋಜನ ಇಲ್ಲ. ಎಷ್ಟು ದಪ್ಪ ಎಳೆದಿರಿ? ಫೋಟೋ ಇದೆಯಾ?

ಬೆಸುಗೆ_ಕಡ್ಡಿ
ಹುಬ್ಬಳ್ಳಿಯವರೇ, ನೀವು ಅರ್ಧ ವಿಷಯ ಹೇಳೇ ಇಲ್ಲ. ಕೂಲರ್ ಯಾವುದು? ಪೇಸ್ಟ್ ಯಾವುದು? ಯಾವುದರಲ್ಲಿ ಒರೆಸಿದಿರಿ? ಕೋಣೆ ಎಷ್ಟು ಬಿಸಿ ಇದೆ? ಕೂಲರ್ ಬಿಚ್ಚುವಾಗ ಸಲೀಸಾಗಿ ಬಂತಾ? ಇಷ್ಟು ಗೊತ್ತಾಗದೆ ಯಾರು ಏನು ಹೇಳಿದರೂ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ಹುಬ್ಬಳ್ಳಿ_ಎಡಿಟರ್
ಕೂಲರ್ ಸಿಪಿಯು ಡಬ್ಬದಲ್ಲೇ ಬಂದಿದ್ದು, ರೈತ್ ಸ್ಟೆಲ್ತ್. ಪೇಸ್ಟ್ ಎಂಎಕ್ಸ್-4, ಆನ್‌ಲೈನ್‌ನಲ್ಲಿ ತರಿಸಿದ್ದು. ಒರೆಸಿದ್ದು ಹ್ಯಾಂಡ್ ಸ್ಯಾನಿಟೈಸರ್‌ನಲ್ಲಿ, ಮನೆಯಲ್ಲಿ ಇತ್ತು. ಕೋಣೆ 33 ಡಿಗ್ರಿ ಇರಬಹುದು, ಎಸಿ ಇಲ್ಲ. ಕೂಲರ್ ಅಂಟಿಕೊಂಡಿತ್ತು. ಎಳೆದಾಗ ಸಿಪಿಯು ಕೂಡ ಸಾಕೆಟ್‌ನಿಂದ ಕಿತ್ತು ಬಂತು. ಪಿನ್ ಎಲ್ಲ ನೆಟ್ಟಗಿದ್ದವು, ವಾಪಸ್ ಕೂರಿಸಿದೆ. ಪಿಸಿ ಆನ್ ಆಗುತ್ತಿದೆಯಲ್ಲ, ಅದಕ್ಕೇ ಹೇಳಲಿಲ್ಲ.

ಶುದ್ಧ_ಐಪಿಎ
ಸಿಕ್ಕಿತು ಕಾರಣ. ಸ್ಯಾನಿಟೈಸರ್! ಕೈ ಒಣಗದಿರಲಿ ಅಂತ ಅದರಲ್ಲಿ ಗ್ಲಿಸರಿನ್ ಸೇರಿಸಿರುತ್ತಾರೆ, ಜೆಲ್ ಆದರೆ ಗಟ್ಟಿ ಮಾಡುವ ಪದಾರ್ಥ ಬೇರೆ. ಆಲ್ಕೋಹಾಲ್ ಆರಿದ ಮೇಲೂ ಅದು ಲೋಹದ ಮೇಲೆ ಪದರವಾಗಿ ಉಳಿಯುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ 99% ತಂದು ಮತ್ತೆ ಒರೆಸಿ. ಮೊಬೈಲ್ ರಿಪೇರಿ ಸಾಮಾನು ಮಾರುವ ಯಾವ ಅಂಗಡಿಯಲ್ಲಿ ಐಪಿಎ ಅಂತ ಕೇಳಿದರೂ ಕೊಡುತ್ತಾರೆ.

ಅಸಲಿ_ನಕಲಿ
ನನಗೆ ಪೇಸ್ಟ್ ಮೇಲೇ ಅನುಮಾನ. ಎಂಎಕ್ಸ್-4 ಹೆಸರಲ್ಲಿ ನಕಲಿ ಮಾಲು ಓಡಾಡುತ್ತದೆ. ಕೋಡ್ ಹಾಕಿ ಅಸಲಿಯೋ ಅಲ್ಲವೋ ನೋಡಲು ಅದನ್ನು ಮಾಡುವ ಆರ್ಕ್ಟಿಕ್ ಕಂಪನಿಯ ಸೈಟ್‌ನಲ್ಲೇ ಜಾಗ ಇದೆ. ಮೊದಲು ಅದನ್ನು ಮಾಡಿ.

ಸಾಕೆಟ್_ಸಂಗಪ್ಪ
ಸಿಪಿಯು ಕಿತ್ತು ಬಂದಿದೆ ಅಂದಮೇಲೆ ಪಿನ್ ಬಗ್ಗಿರುತ್ತದೆ. 1331 ಪಿನ್ ಇವೆ, ಕಣ್ಣಿಗೆ ಎಲ್ಲ ಕಾಣುವುದಿಲ್ಲ. ಬಿಸಿಗೆ ಅದೇ ಕಾರಣ.

ಬೆಸುಗೆ_ಕಡ್ಡಿ
ಪಿನ್ ಬಗ್ಗಿದರೆ ಬಿಸಿ ಹೀಗೆ ಏರುವುದಿಲ್ಲ. ಪಿಸಿ ಆನ್ ಆಗಲ್ಲ, ಇಲ್ಲವೇ ಒಂದು ರ‍್ಯಾಮ್ ಕಡ್ಡಿ ಕಾಣಿಸಲ್ಲ, ಇಲ್ಲವೇ ಗ್ರಾಫಿಕ್ಸ್ ಕಾರ್ಡ್ ಸಿಗಲ್ಲ. ಇಲ್ಲಿ ಅಂಥದ್ದೇನೂ ಕಾಣುತ್ತಿಲ್ಲ.

ಎಎಂ4ನಲ್ಲಿ ಸಿಪಿಯು ಕಿತ್ತು ಬರುವುದು ಸಾಮಾನ್ಯ. ಪಿನ್‌ಗಳನ್ನು ಪಕ್ಕದ ಲಿವರ್ ಹಿಡಿದಿರುತ್ತದೆ ಅಷ್ಟೇ, ಮೇಲಿಂದ ಒತ್ತಿ ಹಿಡಿಯುವ ಚೌಕಟ್ಟು ಇಲ್ಲ. 2022ರಲ್ಲಿ ಬಂದ ಎಎಂ5ನಲ್ಲಿ ಪಿನ್‌ಗಳು ಸಾಕೆಟ್ ಕಡೆ ಹೋದವು, ಚೌಕಟ್ಟೂ ಬಂತು. ಎಎಂ4 ಇರುವವರು ಬಿಚ್ಚುವ ಮೊದಲು ಸಿನೆಬೆಂಚ್ (ಸಿಪಿಯುಗೆ ಪೂರ್ತಿ ಕೆಲಸ ಕೊಟ್ಟು ಪರೀಕ್ಷಿಸುವ ಸಾಫ್ಟ್‌ವೇರ್) ಓಡಿಸಿ ಕೂಲರ್ ಬಿಸಿ ಮಾಡಿ. ಪೇಸ್ಟ್ ಮೆತ್ತಗಾಗುತ್ತದೆ. ಆಮೇಲೆ ಪಿಸಿ ಆಫ್ ಮಾಡಿ, ಪವರ್ ವೈರ್ ತೆಗೆದು, ಸ್ಕ್ರೂ ಬಿಚ್ಚಿ, ಕೂಲರನ್ನು ಎಡಕ್ಕೆ ಬಲಕ್ಕೆ ನಿಧಾನವಾಗಿ ತಿರುಚಿ. ನೇರ ಮೇಲಕ್ಕೆ ಎಳೆಯಲೇಬೇಡಿ.

ರಿಂಗ್‌ರೋಡ್_ರಿಗ್
ಇಷ್ಟೆಲ್ಲ ಯಾಕೆ? ಆ ಡಬ್ಬದ ಕೂಲರ್ ಬಿಸಾಡಿ. ನಾನು 360 ರೇಡಿಯೇಟರ್ ಹಾಕಿ ಕಸ್ಟಮ್ ಲೂಪ್ (ದ್ರವ ಹರಿಸಿ ತಣ್ಣಗಿಡುವ ವ್ಯವಸ್ಥೆ) ಮಾಡಿಸಿದ್ದೇನೆ, ಗಟ್ಟಿ ಟ್ಯೂಬ್, ನಾನೇ ಬಗ್ಗಿಸಿದ್ದು. ನನ್ನ 5800ಎಕ್ಸ್ ಸಿಪಿಯು ಎಷ್ಟು ದುಡಿದರೂ 70 ದಾಟಲ್ಲ. ಇಲ್ಲಾಂದ್ರೆ ಪೇಸ್ಟ್ ಬದಲು ಲಿಕ್ವಿಡ್ ಮೆಟಲ್ ಹಾಕಿ, ಒಂದೇ ಸಲಕ್ಕೆ ಕೆಲಸ ಮುಗಿಯುತ್ತದೆ.

ಬೆಸುಗೆ_ಕಡ್ಡಿ
ಲಿಕ್ವಿಡ್ ಮೆಟಲ್ ಬೇಡವೇ ಬೇಡ! ರೈತ್ ಸ್ಟೆಲ್ತ್ ತಳ ಅಲ್ಯೂಮಿನಿಯಂ. ಲಿಕ್ವಿಡ್ ಮೆಟಲ್‌ನಲ್ಲಿ ಗ್ಯಾಲಿಯಂ ಇದೆ, ಅದು ಅಲ್ಯೂಮಿನಿಯಂ ಒಳಗೆ ಇಳಿದು ಪುಡಿಪುಡಿ ಮಾಡುತ್ತದೆ. ಬೋರ್ಡ್ ಮೇಲೆ ಹನಿ ಬಿದ್ದರೆ ಶಾರ್ಟ್ ಆಗುತ್ತದೆ. ಗೊತ್ತಿಲ್ಲದವರು ಓದಿ ಹಾಗೇ ಮಾಡಿಬಿಡುತ್ತಾರೆ, ದಯವಿಟ್ಟು ಯೋಚಿಸಿ ಬರೆಯಿರಿ.

ರಿಂಗ್‌ರೋಡ್_ರಿಗ್
ತಾಮ್ರದ ತಳ ಇರುವ ಕೂಲರ್‌ಗೆ ಅಂತ ಹೇಳಿದ್ದು.

ಶುದ್ಧ_ಐಪಿಎ
ಹಾಗೆ ಎಲ್ಲಿ ಹೇಳಿದಿರಿ? ಮೇಲೆ ಹೋಗಿ ಓದಿ.

ಮ್ಯೂನಿಕ್_ಮೈಸೂರಿಗ
ನನ್ನದೂ 3600, ಅದೇ ಕೂಲರ್, ಸಿನೆಬೆಂಚ್‌ನಲ್ಲಿ 76. ಪೇಸ್ಟ್ ಕೂಡ ಎಂಎಕ್ಸ್-4. ಹಾಗಾಗಿ ನಿಮ್ಮ ಸಿಪಿಯುನಲ್ಲೇ ದೋಷ ಇರಬಹುದು.

ಬೆಸುಗೆ_ಕಡ್ಡಿ
ನಿಮ್ಮ ಕೋಣೆ ಎಷ್ಟು ಡಿಗ್ರಿ?

ಮ್ಯೂನಿಕ್_ಮೈಸೂರಿಗ
20.

ಬೆಸುಗೆ_ಕಡ್ಡಿ
ಹುಬ್ಬಳ್ಳಿಯವರದು 33. ಗಾಳಿ ಕೂಲರ್ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ನಿಮ್ಮ 76 ಅಂದರೆ ಕೋಣೆಗಿಂತ 56 ಜಾಸ್ತಿ. ಅದನ್ನೇ 33ಕ್ಕೆ ಸೇರಿಸಿ, 89 ಆಗುತ್ತದೆ. ಇವರಿಗೆ ಮೊದಲು 85 ದಾಟುತ್ತಿತ್ತಲ್ಲ, ಅದು ಈ ಕೂಲರ್‌ಗೆ, ನಮ್ಮ ಬೇಸಿಗೆಗೆ ಸಹಜವೇ. ಈಗ ಬ್ರೌಸರ್‌ಗೆ 65 ಬರುತ್ತಿದೆ, ಒತ್ತಿದ ತಕ್ಷಣ 95 ಬರುತ್ತಿದೆ. ಅದು ಸಹಜ ಅಲ್ಲ. 95 ಅಂದರೆ 3600ರ ಮಿತಿ. ಅದಕ್ಕಿಂತ ಮೇಲೆ ಹೋಗದ ಹಾಗೆ ಸಿಪಿಯು ತಾನೇ ವೇಗ ಇಳಿಸಿಕೊಳ್ಳುತ್ತಿದೆ.

ಏರುವ ರೀತಿ ನೋಡಿ. ಕೂಲರ್ ಸಣ್ಣದು ಅನ್ನುವುದೇ ಕಾರಣವಾಗಿದ್ದರೆ, ಕೂಲರ್ ಮೈ ಕಾದ ಹಾಗೆ ಡಿಗ್ರಿ ನಿಧಾನವಾಗಿ ಏರಬೇಕು. ಇಲ್ಲಿ ಏರುವುದು ಒಂದೇ ಏಟಿಗೆ. ಅಂದರೆ ಬಿಸಿ ಕೂಲರ್‌ಗೆ ತಲುಪುತ್ತಲೇ ಇಲ್ಲ. 95 ಇರುವಾಗ ಕೂಲರ್‌ನ ಅಲ್ಯೂಮಿನಿಯಂ ರೆಕ್ಕೆಗಳನ್ನು ಪಕ್ಕದಿಂದ ಮುಟ್ಟಿ ನೋಡಿ, ಫ್ಯಾನ್‌ಗೆ ಬೆರಳು ಹೋಗದಂತೆ. ಕೈ ಸುಡುತ್ತದಾ?

ಹುಬ್ಬಳ್ಳಿ_ಎಡಿಟರ್
ಇಲ್ಲ! ಬೆಚ್ಚಗಿದೆ ಅಷ್ಟೇ.

ತಂಪು_ಪೆಟ್ಟಿಗೆ
ಪೇಸ್ಟ್ ಕಡಿಮೆ ಅಂತ ನಾನು ಮೊದಲೇ ಹೇಳಿದೆನಲ್ಲ, ಅದೇ ಇದು.

ಶುದ್ಧ_ಐಪಿಎ
ಗ್ಲಿಸರಿನ್ ಪದರ ಬಿಸಿಯನ್ನು ತಡೆಯುತ್ತಿದೆ.

ಅಸಲಿ_ನಕಲಿ
ಕೋಡ್ ನೋಡಿದಿರಾ?

ಹುಬ್ಬಳ್ಳಿ_ಎಡಿಟರ್
ಕೋಡ್ ನೋಡಿದೆ, ಅಸಲಿ ಅಂತ ಬಂತು. ಐಪಿಎ ಸಿಕ್ಕಿದೆ. ಇವತ್ತು ರಾತ್ರಿ ಬಿಚ್ಚಿ ಒರೆಸಿ ಜಾಸ್ತಿ ಪೇಸ್ಟ್ ಹಾಕುತ್ತೇನೆ. ಒಂದು ಸ್ಕ್ರೂ ಸ್ವಲ್ಪ ಲೂಸ್ ಇದೆ, ಅದನ್ನೂ ಟೈಟ್ ಮಾಡಲು ನೋಡುತ್ತೇನೆ.

ಬೆಸುಗೆ_ಕಡ್ಡಿ
ನಿಲ್ಲಿ! ಯಾವ ಸ್ಕ್ರೂ? ಲೂಸ್ ಅಂದರೆ ಹೇಗೆ? ತಿರುಗಿಸಿದರೆ ಕೊನೆಗೆ ಗಟ್ಟಿಯಾಗಿ ನಿಲ್ಲುತ್ತದಾ, ಸುಮ್ನೆ ತಿರುಗುತ್ತಲೇ ಇರುತ್ತದಾ?

ಹುಬ್ಬಳ್ಳಿ_ಎಡಿಟರ್
ತಿರುಗುತ್ತಲೇ ಇರುತ್ತದೆ. ಕೆಳಗಡೆ ಬಲಗಡೆಯದು. ಕಳೆದ ವರ್ಷ ಧೂಳು ತೆಗೆಸಲು ಅಂಗಡಿಗೆ ಕೊಟ್ಟಿದ್ದೆ, ಅಲ್ಲಿಂದ ಬಂದಾಗಿನಿಂದ ಹಾಗೇ ಇದೆ. ಉಳಿದ ಮೂರು ಗಟ್ಟಿಯಾಗಿವೆ, ಕೂಲರ್ ಅಲ್ಲಾಡುವುದಿಲ್ಲ. ಅದಕ್ಕೇ ತಲೆ ಕೆಡಿಸಿಕೊಂಡಿರಲಿಲ್ಲ.

ಬೆಸುಗೆ_ಕಡ್ಡಿ
ಅದೇ ಕಾರಣ. ಬೋರ್ಡ್ ಹಿಂದೆ ಬ್ಯಾಕ್‌ಪ್ಲೇಟ್ ಇದೆಯಲ್ಲ, ಸ್ಕ್ರೂ ಹೋಗಿ ಕೂರುವುದು ಅದರ ನಾಲ್ಕು ಕೊಳವೆಗಳಲ್ಲಿ. ಒಂದರ ಥ್ರೆಡ್ ಸವೆದಿದೆ. ಮೂರು ಕಡೆ ಸ್ಪ್ರಿಂಗ್ ಒತ್ತುತ್ತಿದೆ, ನಾಲ್ಕನೇ ಮೂಲೆ ಎದ್ದು ನಿಂತಿದೆ. ಒಳಗಿದ್ದ ಹಳೆ ಪೇಸ್ಟ್ ಗಟ್ಟಿಯಾಗಿ ಕೂಲರನ್ನು ಅಂಟಿಸಿ ಹಿಡಿದಿತ್ತು, ಹೇಗೋ ನಡೆಯುತ್ತಿತ್ತು. ನೀವು ಅದನ್ನು ಕಿತ್ತು ಹೊಸದಾಗಿ ಕೂರಿಸಿದಾಗ ಓರೆಯಾಗಿ ಕೂತಿದೆ.

3600ರ ಮುಚ್ಚಳದ ಕೆಳಗೆ ಎರಡು ಚಿಪ್ ಇವೆ. ಆರು ಕೋರ್ ಇರುವ 7 ನ್ಯಾನೋಮೀಟರ್ ಚಿಪ್ ಚಿಕ್ಕದು, ಬಿಸಿಯೆಲ್ಲ ಹುಟ್ಟುವುದು ಬಹುಪಾಲು ಅಲ್ಲೇ. ಬೋರ್ಡ್ ನಿಲ್ಲಿಸಿದಾಗ ಅದು ಸಾಕೆಟ್‌ನ ಕೆಳಅಂಚಿನ ಕಡೆ ಬರುತ್ತದೆ. ನಿಮ್ಮ ಸ್ಕ್ರೂ ಹಿಡಿಯದೆ ಇರುವುದೂ ಕೆಳಗಡೆಯೇ.

ಬಿಚ್ಚಿದ ಮೇಲೆ ತಕ್ಷಣ ಒರೆಸಬೇಡಿ. ಪೇಸ್ಟ್‌ನ ಅಚ್ಚು ನೋಡಿ, ಎಲ್ಲ ಅದರಲ್ಲೇ ಗೊತ್ತಾಗುತ್ತದೆ.

ತಂಪು_ಪೆಟ್ಟಿಗೆ
ಒಂದು ಸ್ಕ್ರೂ ಇಲ್ಲದೆಯೂ ನನ್ನ ಪಿಸಿ ಓಡಿದೆ. ಪೇಸ್ಟ್ ಜಾಸ್ತಿ ಇದ್ದರೆ ಸಂದಿ ತಾನೇ ತುಂಬುತ್ತದೆ.

ಬೆಸುಗೆ_ಕಡ್ಡಿ
ಪೇಸ್ಟ್ ಸಂದಿ ತುಂಬುವುದು ನಿಜ. ಆದರೆ ದಪ್ಪವಾದಷ್ಟೂ ಕೆಟ್ಟದ್ದು. ಎಂಎಕ್ಸ್-4ಗೆ ಕಂಪನಿಯೇ ಕೊಡುವ ಉಷ್ಣವಾಹಕತೆ 8.5. ಅಲ್ಯೂಮಿನಿಯಂಗೆ 200ರ ಮೇಲೆ, ತಾಮ್ರಕ್ಕೆ ಸುಮಾರು 400. ಗಾಳಿಗೆ ಬರೀ 0.026. ಗಾಳಿಯನ್ನು ಓಡಿಸಲು ಪೇಸ್ಟ್ ಬೇಕೇ ಬೇಕು. ಆದರೆ ಲೋಹಕ್ಕೆ ಲೋಹ ಎಷ್ಟು ಹತ್ತಿರ ಬಂದರೆ ಅಷ್ಟು ಒಳ್ಳೆಯದು, ನಡುವಿನ ಸೂಕ್ಷ್ಮ ಗುಳಿಗಳಲ್ಲಿ ಮಾತ್ರ ಪೇಸ್ಟ್ ಇರಬೇಕು. ಹತ್ತಿರ ತರುವುದು ಸ್ಕ್ರೂ. ಪೇಸ್ಟ್ ಅಲ್ಲ.

ಹುಬ್ಬಳ್ಳಿ_ಎಡಿಟರ್
ಬಿಚ್ಚಿದೆ. ನೀವು ಹೇಳಿದ ಹಾಗೆ ಕಾಯಿಸಿ ತಿರುಚಿದೆ, ಸಿಪಿಯು ಸಾಕೆಟ್‌ನಲ್ಲೇ ಉಳಿಯಿತು.

ಅಚ್ಚು ಹೀಗಿದೆ. ಮೇಲಿನ ಎರಡು ಮೂಲೆಯಲ್ಲಿ ಪೇಸ್ಟ್ ಎಷ್ಟು ತೆಳುವಾಗಿದೆ ಅಂದರೆ ಮುಚ್ಚಳದ ಮೇಲಿನ ಅಕ್ಷರ ಓದಬಹುದು. ಎಡ ಕೆಳಗೆ ಸ್ವಲ್ಪ ದಪ್ಪ. ಬಲ ಕೆಳಗಿನ ಮೂಲೆಯಲ್ಲಿ ನಾನು ಎಳೆದ ಎಕ್ಸ್‌ನ ಕಾಲು ಹಾಗೇ ಇದೆ! ಸಿರಿಂಜ್‌ನಿಂದ ಬಂದ ಗೆರೆ ಉಬ್ಬಿಕೊಂಡೇ ನಿಂತಿದೆ. ನೆತ್ತಿ ಮಾತ್ರ ಒಂಚೂರು ಚಪ್ಪಟೆ, ಅಕ್ಕಪಕ್ಕ ಬರೀ ಮುಚ್ಚಳ ಕಾಣುತ್ತಿದೆ.

ಬ್ಯಾಕ್‌ಪ್ಲೇಟ್ ತೆಗೆದು ಟಾರ್ಚ್ ಹಿಡಿದು ನೋಡಿದೆ. ಆ ಕೊಳವೆಯೊಳಗೆ ಥ್ರೆಡ್ ಅನ್ನುವುದೇ ಇಲ್ಲ, ನುಣ್ಣಗಾಗಿದೆ. ಹಿತ್ತಾಳೆ ಬಣ್ಣದ ಪುಡಿ ಉದುರಿತು. ಇಲ್ಲಿ ಅಂಗಡಿಗಳಲ್ಲಿ ಕೇಳಿದರೆ ಬರೀ ಬ್ಯಾಕ್‌ಪ್ಲೇಟ್ ಸಿಗಲ್ಲ, ಹೊಸ ಕೂಲರ್ ತಗೊಳ್ಳಿ ಅನ್ನುತ್ತಾರೆ.

ರಿಂಗ್‌ರೋಡ್_ರಿಗ್
ಒಳ್ಳೆ ಅವಕಾಶ, 240 ಎಐಒ (ರೆಡಿಮೇಡ್ ದ್ರವ ಕೂಲರ್) ಹಾಕಿಬಿಡಿ. ನನ್ನ ಲೂಪ್‌ನ ಫೋಟೋ ಹಾಕಲಾ? ಈಗ ಕೂಲಂಟ್ ನೀಲಿ ಮಾಡಿಸಿದ್ದೇನೆ.

ಸಾಕೆಟ್_ಸಂಗಪ್ಪ
ಹಾಕಿ ಗುರು. ನನ್ನದು ಟವರ್ ಕೂಲರ್, ಎರಡು ಫ್ಯಾನ್, ಸೈಡ್ ಪ್ಯಾನೆಲ್ ಮುಚ್ಚಲು ಜಾಗ ಸಾಲದೆ ತೆಗೆದಿಟ್ಟಿದ್ದೇನೆ. ರಾತ್ರಿ ಪೂರಾ ರೆಂಡರ್ ಬಿಟ್ಟರೂ ಸದ್ದೇ ಇಲ್ಲ.

ಬೆಸುಗೆ_ಕಡ್ಡಿ
ಹೊಸ ಕೂಲರ್ ಈಗಲೇ ಬೇಡ. ಎಷ್ಟೋ ಟವರ್ ಕೂಲರ್ ಮತ್ತು ಎಐಒಗಳು ಇದೇ ಬ್ಯಾಕ್‌ಪ್ಲೇಟ್‌ನ ಕೊಳವೆಗಳನ್ನೇ ಬಳಸುತ್ತವೆ, ಅಲ್ಲೂ ಇದೇ ಗೋಳು ಆಗುತ್ತದೆ. ನಮ್ಮ ಶಿವಮೊಗ್ಗದ ಅಂಗಡಿಯಲ್ಲಿ ಸತ್ತ ಎಎಂ4 ಬೋರ್ಡ್ ಒಂದಿದೆ. ಅದರ ಬ್ಯಾಕ್‌ಪ್ಲೇಟ್ ಬಿಚ್ಚಿ ಕೊರಿಯರ್ ಮಾಡುತ್ತೇನೆ, ವಿಳಾಸ ಖಾಸಗಿ ಸಂದೇಶದಲ್ಲಿ ಕಳಿಸಿ. ದುಡ್ಡು ಬೇಡ.

ಹಾಕುವಾಗ ಕ್ಯಾಬಿನೆಟ್ ಮಲಗಿಸಿ. ಹಿಂದಿನಿಂದ ಬ್ಯಾಕ್‌ಪ್ಲೇಟ್ ಅನ್ನು ಯಾರಾದರೂ ಒತ್ತಿ ಹಿಡಿದಿರಲಿ, ಬಿಟ್ಟರೆ ಜಾರುತ್ತದೆ. ನಾಲ್ಕೂ ಸ್ಕ್ರೂ ಮೊದಲು ಬೆರಳಿನಷ್ಟೇ ಬಲದಲ್ಲಿ ಥ್ರೆಡ್‌ಗೆ ಕೂರಿಸಿ. ಆಮೇಲೆ ಮೇಲಿನ ಎಡ, ಕೆಳಗಿನ ಬಲ, ಮೇಲಿನ ಬಲ, ಕೆಳಗಿನ ಎಡ, ಹೀಗೆ ಅಡ್ಡಡ್ಡ ಸುತ್ತುತ್ತಾ ಒಂದೊಂದು ಸುತ್ತು ಬಿಗಿಯಿರಿ. ಒಂದನ್ನೇ ಪೂರ್ತಿ ಬಿಗಿದರೆ ಕೂಲರ್ ಓರೆಯಾಗುತ್ತದೆ, ಎದುರಿನ ಸ್ಕ್ರೂ ವಾರೆಯಾಗಿ ಹೋಗಿ ಥ್ರೆಡ್ ತಿನ್ನುತ್ತದೆ. ಅಂಗಡಿಯಲ್ಲಿ ಬ್ಯಾಟರಿ ಡ್ರೈವರ್ ಹಿಡಿದು ಹಾಗೇ ಬಿಗಿದಿರುತ್ತಾರೆ. ಸ್ಕ್ರೂ ನಿಂತಾಗ ನಿಲ್ಲಿಸಿ, ಅದಕ್ಕಿಂತ ಜಾಸ್ತಿ ಬಲ ಬೇಡ.

ಶುದ್ಧ_ಐಪಿಎ
ಆದರೂ ಸ್ಯಾನಿಟೈಸರ್ ಬೇಡ, ಆ ಮಾತನ್ನು ನಾನು ಬಿಡುವುದಿಲ್ಲ. ಕೂಲರ್ ತಳವನ್ನೂ ಐಪಿಎಯಲ್ಲಿ ಒರೆಸಿ. ಒಂದು ದಿಕ್ಕಿಗೆ ಎಳೆದು ಒರೆಸಿ, ಬಟ್ಟೆ ಮಡಿಚಿ ಹೊಸ ಭಾಗದಿಂದ ಮತ್ತೆ. ಬಟ್ಟೆಗೆ ಬೂದು ಬಣ್ಣ ಹತ್ತುವುದು ನಿಲ್ಲಬೇಕು. ದಾರ ಬಿಡುವ ಹತ್ತಿ ಬೇಡ.

ಬೆಸುಗೆ_ಕಡ್ಡಿ
ಅದು ಸರಿಯಾದ ಮಾತು.

ಹುಬ್ಬಳ್ಳಿ_ಎಡಿಟರ್
ಬ್ಯಾಕ್‌ಪ್ಲೇಟ್ ಬಂತು, ಹಾಕಿದೆ. ತಮ್ಮ ಹಿಂದೆ ಒತ್ತಿ ಹಿಡಿದಿದ್ದ. ನಾಲ್ಕೂ ಸ್ಕ್ರೂ ಗಟ್ಟಿಯಾಗಿ ನಿಂತವು.

ಕೋಣೆ 32. ಬ್ರೌಸರ್‌ಗೆ 46. ಸಿನೆಬೆಂಚ್‌ನಲ್ಲಿ ನಿಧಾನವಾಗಿ ಏರಿ 86ಕ್ಕೆ ನಿಂತಿತು, ವೇಗ 3.9 ಗಿಗಾಹರ್ಟ್ಸ್ ಮೇಲೇ ಇದೆ. ಮೊದಲು 3.4ಕ್ಕೆ ಕುಸಿಯುತ್ತಿತ್ತು. ಕೂಲರ್ ಈಗ ಮುಟ್ಟಿದರೆ ನಿಜಕ್ಕೂ ಬಿಸಿ ಇದೆ. ಒಂದು ಮದುವೆ ರೆಂಡರ್ ಆಗಲೇ ಮುಗಿದು ಗಿರಾಕಿ ಕೈಗೆ ಹೋಯಿತು. ಬೆಸುಗೆ_ಕಡ್ಡಿ ಅಣ್ಣ, ನಿಮ್ಮ ಉಪಕಾರ ಮರೆಯುವುದಿಲ್ಲ. ಹುಬ್ಬಳ್ಳಿಗೆ ಬಂದರೆ ಮನೆಗೆ ಬರಲೇಬೇಕು.

ತಂಪು_ಪೆಟ್ಟಿಗೆ
ಪೇಸ್ಟ್ ಈ ಸಲ ಎಷ್ಟು ಹಾಕಿದಿರಿ?

ಹುಬ್ಬಳ್ಳಿ_ಎಡಿಟರ್
ಮೊದಲಿನಷ್ಟೇ ಸರ್.

ಘಟಪ್ರಭ_ಲ್ಯಾಪಿ
ಇಲ್ಲೇ ಕೇಳುತ್ತೇನೆ. ನನ್ನದು ಗೇಮಿಂಗ್ ಲ್ಯಾಪ್‌ಟಾಪ್. ಪೇಸ್ಟ್ ಬದಲಿಸಿದರೆ ಸ್ವಲ್ಪ ದಿನ ತಣ್ಣಗಿರುತ್ತದೆ, ಆಮೇಲೆ ಮತ್ತೆ ಬಿಸಿ. ಸ್ಕ್ರೂ ಎಲ್ಲ ಗಟ್ಟಿ ಇವೆ, ನೋಡಿದೆ.

ಬೆಸುಗೆ_ಕಡ್ಡಿ
ಲ್ಯಾಪ್‌ಟಾಪ್ ಕಥೆ ಬೇರೆ. ಅಲ್ಲಿ ಮುಚ್ಚಳ ಇಲ್ಲ, ಬರೀ ಚಿಪ್. ಕಾದು ಆರಿ ಕಾದು ಆರಿ ಹಿಗ್ಗಿ ಕುಗ್ಗುವಾಗ ತೆಳು ಪೇಸ್ಟ್ ಅಂಚಿಗೆ ತಳ್ಳಿಕೊಂಡು ಹೋಗುತ್ತದೆ. ಅದಕ್ಕೆ ಹನಿವೆಲ್ ಪಿಟಿಎಂ7950 ಹಾಳೆ ನೋಡಿ. ಸುಮಾರು 45 ಡಿಗ್ರಿಯಲ್ಲಿ ಮೆತ್ತಗಾಗಿ ಕೂರುತ್ತದೆ, ಜಾಗ ಬಿಟ್ಟು ಹೋಗುವುದಿಲ್ಲ. ಲ್ಯಾಪ್‌ಟಾಪ್ ಮಾಡೆಲ್, ಎಷ್ಟು ಡಿಗ್ರಿ, ಯಾವ ಪೇಸ್ಟ್, ಎಲ್ಲ ಬರೆದು ಬೇರೆ ಚರ್ಚೆ ಶುರು ಮಾಡಿ, ಬರುತ್ತೇನೆ.